ಆಫರ್ ಲೆಟರ್‌ಗೆ ಸಹಿ ಹಾಕೋ ಮುಂಚೆ ಯಾವ ಯಾವ ಷರತ್ತು ನೋಡ್ಬೇಕು? (ಬೆಂಗಳೂರು, ಖಾಸಗಿ ಕಂಪನಿ)

ಬಸವನಗುಡಿ_ಬೆಂಚು
ಕೆಲಸಕ್ಕೆ ಸೇರೋ ಪತ್ರದ ಬಗ್ಗೆ ಇಲ್ಲಿ ವಾರಕ್ಕೊಂದು ಪ್ರಶ್ನೆ ಬರ್ತಿದೆ. ಎಲ್ಲ ಒಂದೇ ಕಡೆ ಇರಲಿ ಅಂತ ಈ ಎಳೆ. ಗಾಳೀಲಿ ಮಾತಾಡೋದು ಬೇಡ, ಬೆಂಗಳೂರಲ್ಲಿ ಸಾಮಾನ್ಯವಾಗಿ ಸಿಗೋ ಥರದ ಒಂದು ಮಾದರಿ ಪತ್ರ ಮುಂದಿಟ್ಕೊಳ್ಳೋಣ.

14 ಪುಟ. ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು) 12 ಲಕ್ಷ, ಅದ್ರಲ್ಲಿ 1.2 ಲಕ್ಷ ವೇರಿಯಬಲ್ (ಸಾಧನೆ ನೋಡಿ ಕೊಡೋ ಭಾಗ). ಪ್ರೊಬೇಷನ್ 6 ತಿಂಗಳು. ನೋಟಿಸ್ ನೌಕರನಿಗೆ 90 ದಿನ, ಕಂಪನಿಗೆ 30 ದಿನ. 2 ವರ್ಷದ ಬಾಂಡ್ (ಅಷ್ಟು ದಿನ ಕೆಲಸ ಬಿಡಲ್ಲ ಅನ್ನೋ ಕರಾರು), ಮುರಿದ್ರೆ 3 ಲಕ್ಷ. ಬಿಟ್ಟಮೇಲೆ 1 ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಹೋಗಂಗಿಲ್ಲ. ತಕರಾರು ಬಂದ್ರೆ ದೆಹಲಿ ಕೋರ್ಟು. ಕೊನೇಲಿ, "48 ಗಂಟೆಯೊಳಗೆ ಸಹಿ ಮಾಡಿ ಕಳಿಸಿ".

ಇದ್ರಲ್ಲಿ ಯಾವುದು ನಿಜವಾಗ್ಲೂ ಕಚ್ಚುತ್ತೆ, ಯಾವುದು ಬರೀ ಬುಸುಗುಟ್ಟುತ್ತೆ? ಸ್ವಂತ ಕಥೆ ಬೇಡ, ಷರತ್ತು ಮತ್ತು ಲೆಕ್ಕ ಮಾತ್ರ ಬರೀರಿ.

ಸಂಬಳದ_ಲೆಕ್ಕ
ಸೀದಾ ಕೊನೇ ಪುಟಕ್ಕೆ ಹೋಗಿ. ಅನೆಕ್ಷರ್ ಅಂತ ಒಂದು ಕೋಷ್ಟಕ ಇರತ್ತೆ. ಮೊದಲ ಪುಟದ 12 ಲಕ್ಷ ಅಲ್ಲಿ ಕರಗೋದು ಕಾಣತ್ತೆ. ಮಾದರಿ ಪತ್ರದಲ್ಲಿ ಬೇಸಿಕ್ (ಮೂಲ ವೇತನ) ಸಿಟಿಸಿಯ ಅರ್ಧ, ಅಂದ್ರೆ ತಿಂಗಳಿಗೆ 50,000 ಅಂತಿಟ್ಕೊಳ್ಳಿ.

12,00,000ದಲ್ಲಿ ವೇರಿಯಬಲ್ 1,20,000 ತೆಗೀರಿ. ಕಂಪನಿ ಕಡೆಯ ಪಿಎಫ್ 12%, ವರ್ಷಕ್ಕೆ 72,000 ತೆಗೀರಿ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡೋ ಇಡಿಗಂಟು) ಅಂತ ಬೇಸಿಕ್‌ನ 4.81%, 28,860 ತೆಗೀರಿ. ಗುಂಪು ವಿಮೆಯ ಪ್ರೀಮಿಯಂ 12,000 ಅಂತ ಬರೆದಿದ್ರೆ ಅದನ್ನೂ ತೆಗೀರಿ. ಉಳಿಯೋದು 9,67,140. ತಿಂಗಳಿಗೆ 80,595. ಇದು ಗ್ರಾಸ್, ಅಂದ್ರೆ ನಿಮ್ಮ ಕಡಿತಗಳಿಗೆ ಮುಂಚಿನ ಸಂಬಳ. ಇದ್ರಲ್ಲಿ ನಿಮ್ಮ ಕಡೆಯ ಪಿಎಫ್ 6,000, ವೃತ್ತಿ ತೆರಿಗೆ 200 ಹೋದ್ರೆ ಕೈಗೆ 74,395. ಹೊಸ ತೆರಿಗೆ ಪದ್ಧತೀಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ್ಮೇಲೆ 12 ಲಕ್ಷದೊಳಗೇ ಇರೋದ್ರಿಂದ ಆದಾಯ ತೆರಿಗೆ ಬೀಳಲ್ಲ. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300, ವರ್ಷಕ್ಕೆ ಒಟ್ಟು 2,500.

"12 ಲಕ್ಷ ಅಂದ್ರೆ ತಿಂಗಳಿಗೆ ಒಂದು ಲಕ್ಷ" ಅಂತ ಬಾಡಿಗೆ ಮನೆ ನೋಡೋಕೆ ಹೊರಡೋ ಮುಂಚೆ ಈ ಕಳೆಯೋ ಲೆಕ್ಕ ಮಾಡ್ಕೊಳ್ಳಿ.

ಗ್ರಾಚ್ಯುಟಿ ಸಾಲನ್ನ ಇನ್ನೊಂದು ಸಲ ನೋಡಿ. ಕಾಯಂ ನೌಕರರಿಗೆ ಅದು ಸಿಗೋದು 5 ವರ್ಷ ಆದ್ಮೇಲೆ. 3 ವರ್ಷಕ್ಕೆ ಬಿಟ್ರೆ ಪತ್ರದಲ್ಲಿ "ಕೊಟ್ಟ" 86,580 ರೂಪಾಯಿ ನಿಮ್ಮ ಕೈ ಸೇರಲೇ ಇಲ್ಲ ಅಂತ ಅರ್ಥ. ಎರಡು ಆಫರ್ ಹೋಲಿಸುವಾಗ ಸಿಟಿಸಿ ಪಕ್ಕಕ್ಕಿಡಿ, ವೇರಿಯಬಲ್ ಬಿಟ್ಟ ಗ್ರಾಸ್ ಹೋಲಿಸಿ.

ಹುಬ್ಬಳ್ಳಿ_ಮಂದಿ
ಅಲ್ರೀ ಸರ, ಪಿಎಫ್ 12% ಬ್ಯಾಡ, 1,800 ಅಷ್ಟ ಹಿಡೀರಿ ಅಂತ ಕೇಳಬಹುದೇನ್ರಿ? ಕೈಗೆ ಬರೂದು ಎಷ್ಟ ಹೆಚ್ಚಾಗ್ತದ?

ಸಂಬಳದ_ಲೆಕ್ಕ
ಕೇಳಬಹುದು, ಆದ್ರೆ ಸೇರೋ ಮುಂಚೆ. ಕಾನೂನಿನ ಕಡ್ಡಾಯ ಮಿತಿ 15,000 ವೇತನ, ಅದರ 12% ಅಂದ್ರೆ 1,800. ಮಾದರಿ ಪತ್ರದಲ್ಲಿ ಎರಡೂ ಕಡೆ 1,800ಕ್ಕೆ ಇಳಿಸಿದ್ರೆ ಗ್ರಾಸ್ 4,200 ಏರತ್ತೆ, ಕಡಿತ 4,200 ಇಳಿಯತ್ತೆ. ಕೈಗೆ 82,795. ತಿಂಗಳಿಗೆ 8,400 ಜಾಸ್ತಿ. ಒಂದು ಷರತ್ತು: ಕಂಪನಿ ಪಾಲಿನಲ್ಲಿ ಉಳಿದ ಹಣ ಗ್ರಾಸ್‌ಗೆ ಸೇರತ್ತೆ ಅಂತ ಅನೆಕ್ಷರ್‌ನಲ್ಲೇ ತಿದ್ದಿಸ್ಬೇಕು. ಇಲ್ಲಾಂದ್ರೆ ಪಿಎಫ್ ಇಳಿಯತ್ತೆ, ಉಳಿದಿದ್ದು ಕಂಪನಿ ಹತ್ರಾನೇ ಉಳಿಯತ್ತೆ.

ಮೊದಲ ಕೆಲಸ, ಇಲ್ಲಿತನಕ ಯುಎಎನ್ನೇ (ಪಿಎಫ್ ಸದಸ್ಯರ ಸಂಖ್ಯೆ) ಇಲ್ಲ, ಬೇಸಿಕ್ 15,000ಕ್ಕಿಂತ ಜಾಸ್ತಿ ಅಂತಾದ್ರೆ ಸೇರುವಾಗ ತುಂಬೋ ಪಿಎಫ್ ಘೋಷಣೆ, ಫಾರ್ಮ್ 11ರಲ್ಲಿ ಪಿಎಫ್ ಪೂರ್ತಿ ಬೇಡ ಅನ್ನೋಕೂ ಅವಕಾಶ ಇದೆ. ಒಂದು ಸಲ ಸದಸ್ಯರಾದ್ಮೇಲೆ ಆ ಬಾಗಿಲು ಮುಚ್ಚತ್ತೆ. ನನ್ನ ಮಟ್ಟಿಗೆ ಪೂರ್ತಿ ಬಿಡೋದು ಜಾಣತನ ಅಲ್ಲ, ಅದು ಅವರವರ ಇಷ್ಟ.

ಕಾಯ್ದೆ_ಕಟ್ಟು
ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಟೆಂಪ್ಲೇಟ್ ಪತ್ರಗಳು ಇನ್ನೂ ಓಡಾಡ್ತಿವೆ, ಅದಕ್ಕೆ ಮೂರು ಕಡೆ ಕಣ್ಣಿಡಿ.

ವೇತನದ ವ್ಯಾಖ್ಯೆ: ಅಲೋವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ಮೀರಿದ್ರೆ ಮೀರಿದ ಭಾಗವೂ "ವೇತನ" ಅಂತಲೇ ಲೆಕ್ಕ. 80,000 ಸಂಬಳ ಕೊಟ್ಟು ಬೇಸಿಕ್ 25,000 ಅಂತ ಬರೆದ್ರೆ, ಗ್ರಾಚ್ಯುಟಿಗೆ 25,000 ಅಲ್ಲ, 40,000 ಹಿಡೀಬೇಕು.

ನಿಗದಿತ ಅವಧಿಯ ಒಪ್ಪಂದ: ಫಿಕ್ಸೆಡ್ ಟರ್ಮ್ ಅಂತ ಬರೆದಿದ್ರೆ ಗ್ರಾಚ್ಯುಟಿಗೆ 5 ವರ್ಷ ಕಾಯೋದು ಬೇಡ, 1 ವರ್ಷ ಸಾಕು. ಪತ್ರದಲ್ಲಿ "ಗ್ರಾಚ್ಯುಟಿ ಅನ್ವಯಿಸುವುದಿಲ್ಲ" ಅಂತಿದ್ರೆ ಕೇಳಿ.

ಲೆಕ್ಕ ಚುಕ್ತಾ: "ಫುಲ್ ಅಂಡ್ ಫೈನಲ್ 45 ದಿನದೊಳಗೆ" ಅನ್ನೋ ಸಾಲು ಎಲ್ಲಾ ಪತ್ರದಲ್ಲೂ ಇರತ್ತೆ. ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟಿರಲಿ, ಕಂಪನಿಯೇ ತೆಗೆದಿರಲಿ, ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ.

ಪೀಣ್ಯ_ಪೇರೋಲ್
ಎಲ್ಲರೂ ಸಂಬಳದ ಪುಟ ಓದ್ತಾರೆ. 14 ಪುಟದಲ್ಲಿ ಸಂಬಳಕ್ಕೆ ಒಂದೂವರೆ ಪುಟ, ಬಾಕಿ ಬಹುಪಾಲು ನೀವು ಬಿಟ್ಟು ಹೋಗೋ ದಿನದ ಬಗ್ಗೆ. ಆದ್ದರಿಂದ ನೋಟಿಸ್ ಷರತ್ತನ್ನ ಪದ ಪದ ಬಿಡಿಸಿ ಓದಿ. ಪತ್ರದ ಭಾಷೆ ಸುಮಾರಾಗಿ ಹೀಗಿರತ್ತೆ: "ನೌಕರನು 90 ದಿನಗಳ ಲಿಖಿತ ನೋಟಿಸ್ ನೀಡತಕ್ಕದ್ದು, ಅಥವಾ ಕಂಪನಿಯ ವಿವೇಚನೆಯ ಮೇರೆಗೆ ಅದಕ್ಕೆ ಬದಲಾಗಿ ವೇತನ ಪಾವತಿಸತಕ್ಕದ್ದು."

"ಕಂಪನಿಯ ವಿವೇಚನೆಯ ಮೇರೆಗೆ" ಅನ್ನೋ ಮೂರು ಪದ ಇದ್ರೆ, ದುಡ್ಡು ಕಟ್ಟಿ ಬೇಗ ಹೋಗ್ತೀನಿ ಅನ್ನೋ ಹಕ್ಕು ನಿಮಗಿಲ್ಲ. ಅವರು ಒಪ್ಪಿದ್ರೆ ಉಂಟು, ಇಲ್ಲಾಂದ್ರೆ ರಿಲೀವಿಂಗ್ ಲೆಟರ್ ನಿಲ್ಲತ್ತೆ. ಆ ಮೂರು ಪದ ತೆಗೆಸಿ ಅಂತ ಕೇಳಿ.

"ವೇತನ" ಅಂದ್ರೆ ಯಾವುದು, ಬೇಸಿಕ್ಕೋ ಗ್ರಾಸೋ? ಮಾದರಿ ಪತ್ರದಲ್ಲಿ ಬೇಸಿಕ್ ಲೆಕ್ಕದಲ್ಲಿ 3 ತಿಂಗಳು 1,50,000. ಗ್ರಾಸ್ ಲೆಕ್ಕದಲ್ಲಿ 2,41,785. ಒಂದು ಪದಕ್ಕೆ 91,785 ವ್ಯತ್ಯಾಸ. ಇನ್ನೊಂದು ತಮಾಷೆ ಏನಂದ್ರೆ, ಕೆಲವು ಪತ್ರಗಳಲ್ಲಿ ನೋಟಿಸ್ ವಸೂಲಿ ಗ್ರಾಸ್ ಮೇಲೆ, ಉಳಿದ ರಜೆಯ ಹಣ ಕೊಡೋದು ಬೇಸಿಕ್ ಮೇಲೆ. ಎರಡಕ್ಕೂ ಒಂದೇ ಅಳತೆ ಇರಲಿ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ.

ನೋಟಿಸ್ ವಸೂಲಿ ಮೇಲೆ 18% ಜಿಎಸ್‌ಟಿ ಅಂತ ಯಾರಾದ್ರೂ ಸೇರಿಸಿದ್ರೆ ಒಪ್ಕೋಬೇಡಿ. ಅದಕ್ಕೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನಲ್ಲೇ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ.

ಪ್ರೊಬೇಷನ್: ಅವಧಿಯಲ್ಲಿ ನೋಟಿಸ್ ಎಷ್ಟು, 6 ತಿಂಗಳಾದ್ಮೇಲೆ ತಾನಾಗೇ ಕನ್‌ಫರ್ಮ್ ಆಗತ್ತಾ, ಪತ್ರ ಬರಬೇಕಾ? "ಲಿಖಿತವಾಗಿ ದೃಢಪಡಿಸುವ ತನಕ ಪ್ರೊಬೇಷನ್ ಮುಂದುವರಿಯುತ್ತದೆ" ಅಂತಿದ್ರೆ ಅದಕ್ಕೊಂದು ಗರಿಷ್ಠ ಮಿತಿ ಹಾಕಿಸಿ. ಇನ್‌ಕ್ರಿಮೆಂಟು, ವೇರಿಯಬಲ್ಲು, ಕೆಲವು ಕಡೆ ರಜೆ ಕೂಡ ಕನ್‌ಫರ್ಮೇಷನ್‌ಗೇ ಗಂಟು ಬಿದ್ದಿರತ್ತೆ.

ಕೋಲಾರ_ಕೋಡರ್
ಬಾಂಡ್ ಬಗ್ಗೆ ಇಷ್ಟೊಂದು ತಲೆ ಯಾಕೆ ಕೆಡಿಸ್ಕೊಳ್ತೀರಾ ಗುರು? ಕಾಂಟ್ರ್ಯಾಕ್ಟ್ ಆಕ್ಟ್ ಸೆಕ್ಷನ್ 27 ಪ್ರಕಾರ ಬಾಂಡ್ ಎಲ್ಲಾ ಅಸಿಂಧು. ಸೈನ್ ಹಾಕಿ, ಬೇಡ ಅನಿಸಿದ ದಿನ ಎದ್ದು ಹೋಗಿ.

ಕಾಯ್ದೆ_ಕಟ್ಟು
ಇಲ್ಲ ಕೋಲಾರದವರೇ, ಇದನ್ನ ನಂಬ್ಕೊಂಡೇ ಜನ ಸಿಕ್ಕಿಹಾಕ್ಕೊಳ್ಳೋದು. ಎರಡು ಬೇರೆ ಬೇರೆ ಷರತ್ತನ್ನ ಒಂದೇ ಗಂಟಿಗೆ ಕಟ್ತಿದ್ದೀರಿ.

1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಹೊಡೆದು ಹಾಕೋದು ಕೆಲಸ ಬಿಟ್ಟ *ನಂತರದ* ನಿರ್ಬಂಧವನ್ನ. "1 ವರ್ಷ ಪ್ರತಿಸ್ಪರ್ಧಿ ಹತ್ರ ಹೋಗಬಾರದು" ಅನ್ನೋದು ಇಲ್ಲಿ ನಿಲ್ಲಲ್ಲ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ ಮಾರ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಅದು ಬುಸುಗುಟ್ಟೋ ಷರತ್ತು. ಆದ್ರೆ ಅದರ ಪಕ್ಕದಲ್ಲೇ ಇರೋ ಗೋಪ್ಯತೆಯ ಷರತ್ತು ಕಚ್ಚತ್ತೆ. ಗ್ರಾಹಕರ ಪಟ್ಟಿ, ಕೋಡು, ದರಪಟ್ಟಿ ಪೆನ್ ಡ್ರೈವ್‌ಗೆ ಹಾಕ್ಕೊಂಡು ಹೋದವರನ್ನ 27ನೇ ಸೆಕ್ಷನ್ ಕಾಯಲ್ಲ.

ಬಾಂಡ್ ಅನ್ವಯ ಆಗೋದು ಕೆಲಸದಲ್ಲಿರೋ ಅವಧಿಗೆ. ವಿಜಯಾ ಬ್ಯಾಂಕ್ ಪ್ರಕರಣ ನೋಡಿ: ಕನಿಷ್ಠ 3 ವರ್ಷ ಸೇವೆ, ಮೊದಲೇ ಬಿಟ್ರೆ 2 ಲಕ್ಷ. ನಮ್ಮ ಹೈಕೋರ್ಟ್ ನೌಕರನ ಪರ ತೀರ್ಪು ಕೊಟ್ಟಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ ಷರತ್ತು ಸಿಂಧು ಅಂದಿತು. ಸಾರ್ವಜನಿಕ ವಲಯದ ಬ್ಯಾಂಕು ಮತ್ತೆ ಜಾಹೀರಾತು, ಪರೀಕ್ಷೆ, ಆಯ್ಕೆ ಅಂತ ಖರ್ಚು ಮಾಡಬೇಕಾಗತ್ತೆ ಅನ್ನೋದೂ ಅಲ್ಲಿ ಒಂದು ಕಾರಣ. ಖಾಸಗಿ ಕಂಪನಿಗೆ ಅದೇ ಕಾರಣ ಹಾಗ್ಹಾಗೇ ಹೊಂದಲ್ಲ, ಆದ್ರೆ "ಬಾಂಡ್ ಅಂದ್ರೆ ಅಸಿಂಧು" ಅನ್ನೋ ಮಾತು ಇನ್ಮೇಲೆ ಹೇಳೋ ಹಾಗಿಲ್ಲ.

ಹಾಗಂತ ಬರೆದ 3 ಲಕ್ಷ ಪೂರ್ತಿ ಕಟ್ಟಲೇಬೇಕು ಅಂತಲೂ ಅಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗೋದು ಸಮಂಜಸ ಪರಿಹಾರ, ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. ಕೆಲಸಕ್ಕೇ ವಾಪಸ್ ಬಾ ಅಂತ ಕೋರ್ಟು ಯಾರನ್ನೂ ಬಲವಂತ ಮಾಡಲ್ಲ. ತಕರಾರು ದುಡ್ಡಿನದ್ದು ಮಾತ್ರ. ಸ್ಟ್ಯಾಂಪ್ ಪೇಪರ್ ಮೇಲೆ ಇಲ್ಲ, ಹಾಗಾಗಿ ನಡೆಯಲ್ಲ ಅನ್ನೋ ಭ್ರಮೆಯೂ ಬೇಡ. ಕಡಿಮೆ ಬಿದ್ದ ಮುದ್ರಾಂಕ ಶುಲ್ಕವನ್ನ ದಂಡದ ಜೊತೆ ಆಮೇಲೆ ಕಟ್ಟಬಹುದು.

ಪೀಣ್ಯ_ಪೇರೋಲ್
ಬಾಂಡ್‌ನಲ್ಲಿ ತಿದ್ದಿಸಬೇಕಾದ್ದು ಇಷ್ಟು. ತಿಂಗಳು ತಿಂಗಳು ಇಳೀಬೇಕು: 3 ಲಕ್ಷ, 24 ತಿಂಗಳು, ತಿಂಗಳಿಗೆ 12,500 ಕಳೀತಾ ಹೋಗಲಿ. ಇಲ್ಲಾಂದ್ರೆ 23ನೇ ತಿಂಗಳಿಗೆ ಬಿಟ್ರೂ 3 ಲಕ್ಷವೇ. ಯಾವ ತರಬೇತಿಗೆ ಈ ಹಣ, ಎಷ್ಟು ದಿನ, ಎಲ್ಲಿ ಅಂತ ಬರೆಸಿ. ಕಂಪನಿಯೇ ತೆಗೆದು ಹಾಕಿದ್ರೆ ಬಾಂಡ್ ಬೀಳಬೇಕು, ಈ ಸಾಲು ಎಷ್ಟೋ ಪತ್ರದಲ್ಲಿ ಇರೋದೇ ಇಲ್ಲ. ಬಾಂಡ್ ಯಾವ ದಿನದಿಂದ ಶುರು, ಸೇರಿದ ದಿನವೋ ತರಬೇತಿ ಮುಗಿದ ದಿನವೋ? ಅಲ್ಲೇ 4-6 ತಿಂಗಳು ಕದ್ದುಹೋಗತ್ತೆ.

ಜಾಮೀನುದಾರರು ಅಂತ ಅಪ್ಪನೋ ಚಿಕ್ಕಪ್ಪನೋ ಸಹಿ ಹಾಕೋ ಜಾಗ ಇದ್ರೆ ಅಲ್ಲಿ ನಿಲ್ಲಿ. ದಾವೆ ಬಂದ್ರೆ ಊರಿನ ವಿಳಾಸಕ್ಕೆ ಅವರ ಹೆಸರಲ್ಲೂ ನೋಟಿಸ್ ಹೋಗತ್ತೆ.

ಹುಬ್ಬಳ್ಳಿ_ಮಂದಿ
ಖಾಲಿ ಚೆಕ್ಕು, ಒರಿಜಿನಲ್ ಮಾರ್ಕ್ಸ್ ಕಾರ್ಡು ಕೇಳ್ತಾರಲ್ರೀ, ಅದರ ಬಗ್ಗೆನೂ ಹೇಳ್ರಿ.

ಕಾಯ್ದೆ_ಕಟ್ಟು
ಎರಡನ್ನೂ ಕೊಡಬಾರದು, ಇದ್ರಲ್ಲಿ ಚೌಕಾಸಿಯೇ ಇಲ್ಲ. ಬಾಂಡ್ ಮುರಿದ್ರೆ ಕಂಪನಿ ಸಿವಿಲ್ ದಾವೆ ಹೂಡಿ ನಷ್ಟ ತೋರಿಸಬೇಕು, ಅದು ವರ್ಷಗಟ್ಟಲೆ ಕೆಲಸ. ಸಹಿ ಮಾಡಿದ ಖಾಲಿ ಚೆಕ್ ಕೈಲಿದ್ರೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಬೌನ್ಸ್ ಮಾಡಿಸಿ, ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕುಗಳ ಕಾಯ್ದೆ) 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸ್ ಹಾಕೋ ದಾರಿ ಸಿಗತ್ತೆ. ಅದರಲ್ಲಿ 2 ವರ್ಷದ ತನಕ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟು ತನಕ ದಂಡ, ಇಲ್ಲವೇ ಎರಡೂ. ಚೆಕ್ಕು ಭದ್ರತೆಗೆ ಕೊಟ್ಟಿದ್ದು ಅಂತ ಸಾಬೀತು ಮಾಡೋ ಹೊರೆ ನಿಮ್ಮ ತಲೆಗೆ ಬರತ್ತೆ.

ಮಾರ್ಕ್ಸ್ ಕಾರ್ಡ್ ವಿಷಯ: ಒರಿಜಿನಲ್ ಎದುರಿಗೆ ತೋರಿಸಿ, ಅಲ್ಲೇ ವಾಪಸ್ ತಗೊಳ್ಳಿ. ಜೆರಾಕ್ಸ್ ಮೇಲೆ "ಇಂಥ ಕಂಪನಿಯ ನೇಮಕಾತಿ ಪರಿಶೀಲನೆಗೆ ಮಾತ್ರ" ಅಂತ ಅಡ್ಡಲಾಗಿ ಬರೆದು, ತಾರೀಕು ಹಾಕಿ ಸಹಿ ಮಾಡಿ ಕೊಡಿ.

ಮಲ್ಲೇಶ್ವರ_18ನೇ_ಕ್ರಾಸ್
ಜಾಯಿನಿಂಗ್ ಬೋನಸ್ ವಾಪಸ್ ಕೊಡೋ ಷರತ್ತಿನ ಬಗ್ಗೆ ಯಾರೂ ಬರೆದಿಲ್ಲ. 30% ಸ್ಲ್ಯಾಬಿನವರಿಗೆ 2 ಲಕ್ಷ ಬೋನಸ್ ಅಂದ್ರೆ ಸೆಸ್ ಸೇರಿ 62,400 ಟಿಡಿಎಸ್ (ಕಂಪನಿಯೇ ಮೊದಲು ಹಿಡಿಯೋ ತೆರಿಗೆ) ಹೋಗಿ ಕೈಗೆ 1,37,600. ವರ್ಷದೊಳಗೆ ಬಿಟ್ರೆ ವಾಪಸ್ ಕೇಳೋದು 2 ಲಕ್ಷ. ಅದೇ ಆರ್ಥಿಕ ವರ್ಷದಲ್ಲಿ ಆದ್ರೆ ಕಂಪನಿ ಫಾರ್ಮ್ 16ರಲ್ಲಿ ಸರಿ ಮಾಡಬಹುದು. ಮಾರ್ಚ್ 31 ದಾಟಿದ್ರೆ ಆ 62,400ಕ್ಕೆ ಅಲೆದಾಟ ನಿಮ್ಮದು. "ತೆರಿಗೆ ಕಳೆದ ಮೊತ್ತ" ಅಂತ ಬರೆಸಿ, ತಿಂಗಳ ಲೆಕ್ಕದಲ್ಲಿ ಇಳಿಯೋ ಹಾಗೆ ಮಾಡಿಸಿ.

ವೇರಿಯಬಲ್‌ಗೂ ಒಂದು ಕೊಕ್ಕೆ ಇರತ್ತೆ: "ಪಾವತಿಯ ದಿನಾಂಕದಂದು ಸೇವೆಯಲ್ಲಿರಬೇಕು, ನೋಟಿಸ್ ಅವಧಿಯಲ್ಲಿರಬಾರದು". ಮಾರ್ಚ್‌ಗೆ ವರ್ಷ ಮುಗಿದು, ಹಣ ಕೊಡೋದು ಆಗಸ್ಟ್‌ನಲ್ಲಿ ಅಂದ್ರೆ, 90 ದಿನದ ನೋಟಿಸ್ ಇರೋವ್ರು ಆಗಸ್ಟ್ ತನಕ ರಾಜೀನಾಮೆ ಕೊಡೋ ಹಾಗಿಲ್ಲ, ಹೊರಗೆ ಬರೋಷ್ಟ್ರಲ್ಲಿ ನವೆಂಬರ್. ಎರಡು ಷರತ್ತು ಕೂಡಿದಾಗ ಬಾಂಡ್ ಇಲ್ಲದೇನೇ ಬಾಂಡ್.

ಕುಡ್ಲ_ಕಾಂಟ್ರ್ಯಾಕ್ಟ್
ಒಂದು ಷರತ್ತು ಎಲ್ಲರೂ ಹಾರಿಸಿ ಬಿಡ್ತಾರೆ ಮಾರಾಯ್ರೆ: ಬೌದ್ಧಿಕ ಆಸ್ತಿ. ಕೆಲಸದ ಭಾಗವಾಗಿ ಮಾಡಿದ್ದು ಕಂಪನಿಯದ್ದು, ಅದು 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಉಂಟು, ಜಗಳ ಇಲ್ಲ. ಆದರೆ ಪತ್ರದಲ್ಲಿ "ಉದ್ಯೋಗದ ಅವಧಿಯಲ್ಲಿ ನೌಕರನು ಸೃಷ್ಟಿಸಿದ ಎಲ್ಲವೂ" ಅಂತ ಇದ್ದರೆ ನೀವು ಭಾನುವಾರ ಬರೆದ ಆ್ಯಪ್, ಯಕ್ಷಗಾನದ ವಿಡಿಯೊ ಚಾನೆಲ್ಲು ಸಹ ಆ ಬಲೆಗೆ ಬೀಳ್ತದೆ. "ಕೆಲಸದ ವ್ಯಾಪ್ತಿಯಲ್ಲಿ, ಕಂಪನಿಯ ಸಾಧನ ಬಳಸಿ" ಅಂತ ಸೇರಿಸಲಿಕ್ಕೆ ಹೇಳಿ. ಮೊದಲೇ ಮಾಡಿಟ್ಟ ಕೆಲಸ ಏನಾದರೂ ಉಂಟಾದರೆ ಪಟ್ಟಿ ಮಾಡಿ, ಆ ಪಟ್ಟಿಯನ್ನು ಪತ್ರಕ್ಕೆ ಲಗತ್ತಿಸಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಕೋಡ್ ಮುಟ್ಟಲಿಕ್ಕೇ ಹೋಗಬೇಡಿ.

ಸ್ಟಾರ್ಟಪ್‌ನವರು ಇಸಾಪ್ಸ್ (ಮುಂದೆ ನಿಗದಿತ ಬೆಲೆಗೆ ಕಂಪನಿಯ ಶೇರು ಕೊಳ್ಳುವ ಹಕ್ಕು) ತೋರಿಸಿ ಸಂಬಳ ಇಳಿಸ್ತಾರೆ. ಶೇರು ಎಷ್ಟು ಅಂತ ಕೇಳಿದರೆ ಸಾಲದು, ಒಟ್ಟು ಎಷ್ಟರಲ್ಲಿ ಎಷ್ಟು ಅಂತ ಕೇಳಿ. ಕೊಟ್ಟ ದಿನದಿಂದ ಕನಿಷ್ಠ 1 ವರ್ಷ ಆಗದೆ ವೆಸ್ಟ್ ಆಗುವುದಿಲ್ಲ (ಆ ಹಕ್ಕು ನಿಮ್ಮದಾಗುವುದಿಲ್ಲ), ಅದು ನಿಯಮ. ಬಿಟ್ಟ ಮೇಲೆ ಎಷ್ಟು ದಿನದೊಳಗೆ ಖರೀದಿ ಮಾಡಬೇಕು ಅನ್ನುವುದು ಮುಖ್ಯ. 90 ದಿನ ಅಂತಿದ್ದರೆ ಶೇರಿನ ಬೆಲೆಯೂ ನಿಮ್ಮ ಕಿಸೆಯಿಂದ, ಆ ದಿನದ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ನಡುವಿನ ಅಂತರಕ್ಕೆ ತೆರಿಗೆಯೂ ನಿಮ್ಮ ಕಿಸೆಯಿಂದ. ಮಾರಲಿಕ್ಕೆ ಮಾರುಕಟ್ಟೆಯೇ ಇಲ್ಲದ ಶೇರಿಗೆ.

ಕೋಲಾರ_ಕೋಡರ್
ಬಾಂಡ್ ವಿಷಯದಲ್ಲಿ ನನ್ನ ಮಾತು ವಾಪಸ್. ದೆಹಲಿ ಕೋರ್ಟು ಅನ್ನೋ ಸಾಲಾದ್ರೂ ಬುಸುಗುಟ್ಟೋದೇ ತಾನೇ?

ಕಾಯ್ದೆ_ಕಟ್ಟು
ಅದೂ ಕಚ್ಚತ್ತೆ. 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ನೌಕರರ ಪ್ರಕರಣದಲ್ಲಿ, ನೇಮಕಾತಿ ಪತ್ರದಲ್ಲಿ ಮುಂಬೈ ಕೋರ್ಟ್ ಮಾತ್ರ ಅಂತಿದ್ರೆ ಅದು ನಡೆಯತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ಮಿತಿ: ಆ ಊರಿನ ಕೋರ್ಟಿಗೆ ಮೊದಲೇ ಅಧಿಕಾರ ಇರಬೇಕು. ಕಂಪನಿಯ ಮುಖ್ಯ ಕಚೇರಿ ದೆಹಲಿಯಲ್ಲಿ ಇಲ್ಲ, ಪತ್ರ ಅಲ್ಲಿಂದ ಹೊರಟಿಲ್ಲ ಅಂದ್ರೆ ಬರೀ ಬರವಣಿಗೆಯಿಂದ ಅಧಿಕಾರ ಹುಟ್ಟಲ್ಲ. ಪಿಎಫ್, ಗ್ರಾಚ್ಯುಟಿ ದೂರುಗಳಿಗೆ ಈ ಸಾಲು ಅಡ್ಡ ಬರಲ್ಲ. "ಬೆಂಗಳೂರು" ಅಂತ ತಿದ್ದಿಸೋಕೆ ಕೇಳಿ, ಎಚ್‌ಆರ್‌ನವರಿಗೆ ಇದರಿಂದ ಖರ್ಚಿಲ್ಲ, ಎಷ್ಟೋ ಸಲ ಒಪ್ಪುತ್ತಾರೆ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೂ ಪಕ್ಕಕ್ಕಿಟ್ಕೊಂಡು ಓದಿ. ದಿನಕ್ಕೆ 9, ವಾರಕ್ಕೆ 48 ಗಂಟೆ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ, ಕಾಯಿಲೆಗೆ ವರ್ಷಕ್ಕೆ 12. ಸತತ 6 ತಿಂಗಳು ಕೆಲಸ ಮಾಡಿದವರನ್ನ ಸಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ. ಪತ್ರದಲ್ಲಿ ಇದಕ್ಕಿಂತ ಕಡಿಮೆ ಇದ್ರೆ ಕಾಯ್ದೆಯೇ ಮೇಲು. ಆದ್ರೆ ಆಡಳಿತ ನಡೆಸೋ ಹುದ್ದೆಯವರಿಗೆ ಈ ಕಾಯ್ದೆ ಅನ್ವಯಿಸಲ್ಲ. ಅದಕ್ಕೇ ಕೈಕೆಳಗೆ ಒಬ್ಬರೂ ಇಲ್ಲದವರಿಗೆ "ಅಸಿಸ್ಟೆಂಟ್ ಮ್ಯಾನೇಜರ್" ಅಂತ ಬಿರುದು ಕೊಟ್ಟಾಗ ಹುಷಾರು. ತಕರಾರಲ್ಲಿ ನೋಡೋದು ಬಿರುದನ್ನಲ್ಲ, ನಿಜವಾಗಿ ಮಾಡೋ ಕೆಲಸವನ್ನ. ಕೆಲಸದ ವಿವರ ಬರಹದಲ್ಲಿ ಇಸ್ಕೊಳ್ಳಿ.

ಪೀಣ್ಯ_ಪೇರೋಲ್
ಉದ್ಯೋಗದಾತರ ಹೆಸರು ಯಾರದ್ದು ಅಂತಲೂ ನೋಡಿ. ಇಂಟರ್‌ವ್ಯೂ ಮಾಡಿದ್ದು ಒಂದು ಕಂಪನಿ, ಪತ್ರ ಬಂದಿದ್ದು ಇನ್ನೊಂದರ ಲೆಟರ್‌ಹೆಡ್‌ನಲ್ಲಿ ಅಂದ್ರೆ ಥರ್ಡ್ ಪಾರ್ಟಿ ಪೇರೋಲ್. "ಕನ್ಸಲ್ಟೆಂಟ್" ಅಂತ ಬರೆದು 10% ಟಿಡಿಎಸ್ ಹಿಡೀತೀವಿ ಅಂದ್ರೆ ಪಿಎಫ್, ಗ್ರಾಚ್ಯುಟಿ, ರಜೆ ಯಾವುದೂ ಇಲ್ಲ. ಅದೇ 12 ಲಕ್ಷವಾದ್ರೂ ಅದು ಬೇರೆ 12 ಲಕ್ಷ.

ಲೆಟರ್‌ಹೆಡ್ ಕೆಳಗಿನ ಸಿಐಎನ್ (ಕಂಪನಿಯ ನೋಂದಣಿ) ಸಂಖ್ಯೆಯನ್ನ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಹಾಕಿ: ಕಂಪನಿ ಸಕ್ರಿಯವಾಗಿದ್ಯಾ, ಯಾವಾಗ ಶುರುವಾಯ್ತು ಗೊತ್ತಾಗತ್ತೆ. ಇಪಿಎಫ್ಒ (ಪಿಎಫ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಸೈಟಿನಲ್ಲಿ ಸಂಸ್ಥೆಯ ಹೆಸರು ಹುಡುಕಿದ್ರೆ ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆ ಅಂತ ಕಾಣತ್ತೆ. 300 ಜನ ಇದ್ದೀವಿ ಅನ್ನೋರು 11 ಜನಕ್ಕೆ ಕಟ್ಟಿದ್ರೆ, ಎರಡು ತಿಂಗಳು ಬಿಟ್ಟು ಬಿಟ್ಟು ಕಟ್ಟಿದ್ರೆ, ಉಳಿದಿದ್ದು ನೀವೇ ಊಹಿಸಿ. ಲ್ಯಾಪ್‌ಟಾಪ್ ಡೆಪಾಸಿಟ್, ತರಬೇತಿ ಶುಲ್ಕ ಅಂತ ಮುಂಗಡ ಕೇಳಿದ್ರೆ ಅದು ಆಫರ್ ಲೆಟರೇ ಅಲ್ಲ.

ಬಸವನಗುಡಿ_ಬೆಂಚು
48 ಗಂಟೆ ಗಡುವಿದ್ದಾಗ ಇಷ್ಟೆಲ್ಲ ತಿದ್ದಿಸೋಕಾಗಲ್ವಲ್ಲ. ಯಾವುದು ಮೊದಲು?

ಪೀಣ್ಯ_ಪೇರೋಲ್
ಗಡುವು ಬಹುಪಾಲು ಸಲ ಎಚ್‌ಆರ್‌ನವರ ಅನುಕೂಲಕ್ಕೆ. "ಪತ್ರ ತಲುಪಿತು, ಮೂರು ಅಂಶಕ್ಕೆ ಸ್ಪಷ್ಟನೆ ಬೇಕು, ಬಂದ ದಿನವೇ ಸಹಿ ಮಾಡಿ ಕಳಿಸ್ತೀನಿ" ಅಂತ ಅದೇ ದಿನ ಮೇಲ್ ಹಾಕಿ. ಮೂರೇ ಇರಲಿ, ಹದಿಮೂರು ಕೇಳಿದ್ರೆ ಒಂದಕ್ಕೂ ಉತ್ತರ ಬರಲ್ಲ. ನನ್ನ ಆಯ್ಕೆ: ನೋಟಿಸ್ ಎರಡೂ ಕಡೆ ಸಮ ಮತ್ತು ಬೇಸಿಕ್ ಲೆಕ್ಕದಲ್ಲಿ ಬದಲಿ ಪಾವತಿ, ಬಾಂಡ್ ತಿಂಗಳ ಲೆಕ್ಕದಲ್ಲಿ ಇಳಿಕೆ, ಬೋನಸ್ ವಾಪಸಾತಿ ತೆರಿಗೆ ಕಳೆದು. ಫೋನಲ್ಲಿ "ಅದೆಲ್ಲ ಏನೂ ಆಗಲ್ಲ, ನಾವು ಜಾರಿ ಮಾಡಲ್ಲ" ಅಂದ್ರೆ, "ಇದನ್ನೇ ಒಂದು ಸಾಲು ಮೇಲ್‌ನಲ್ಲಿ ಹಾಕ್ತೀರಾ ಮೇಡಂ" ಅಂತ ಕೇಳಿ. ಹಾಕಲ್ಲ ಅಂದ್ರೆ ಅದೇ ಉತ್ತರ.

ಸಹಿ ಮಾಡಿದ ಪತ್ರದಲ್ಲಿ ಸೇರೋ ದಿನಾಂಕ, ಸಂಬಳ ಎರಡೂ ಬಂದು, ಬ್ಯಾಕ್‌ಗ್ರೌಂಡ್ ಚೆಕ್ ಷರತ್ತು ಓದಿದ ಮೇಲೆ ಮಾತ್ರ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ. "ಲೆಟರ್ ಆಫ್ ಇಂಟೆಂಟ್" (ಕೆಲಸ ಕೊಡೋ ಇರಾದೆ ಇದೆ ಅಂತಷ್ಟೇ ಹೇಳೋ ಪತ್ರ) ನಂಬಿ ಕೊಡಬೇಡಿ.

ಹುಬ್ಬಳ್ಳಿ_ಮಂದಿ
ಕಡೀಕ ಒಂದ್ ಪ್ರಶ್ನೆ ಸರ. "ಕಂಪನಿಯ ಕಾಲಕಾಲದ ನೀತಿಗಳಿಗೆ ಒಳಪಟ್ಟಿರುತ್ತದೆ" ಅಂತ ಬರದಿರ್ತದ. ಆ ನೀತಿ ಎಲ್ಲಿ ನೋಡೂದು?

ಪೀಣ್ಯ_ಪೇರೋಲ್
ಒಳ್ಳೇ ಪ್ರಶ್ನೆ. 14 ಪುಟಕ್ಕಿಂತ ಅದೇ ದೊಡ್ಡದು, ಅದನ್ನ ಓದದೇನೇ ಸಹಿ ಹಾಕಿರ್ತಾರೆ. ರಜೆ, ವೇರಿಯಬಲ್, ನೋಟಿಸ್, ಮನೆಯಿಂದ ಕೆಲಸ, ಈ ನಾಲ್ಕರ ಪಾಲಿಸಿ ಪಿಡಿಎಫ್ ಸಹಿಗೆ ಮುಂಚೆ ಕೇಳಿ. ಒಳಗಿನ ಪೋರ್ಟಲ್‌ನಲ್ಲಿದೆ, ಸೇರಿದ ಮೇಲೆ ಕಾಣತ್ತೆ ಅಂದ್ರೆ, ಆ ನಾಲ್ಕು ವಿಷಯದ ಸಾರಾಂಶ ಮೇಲ್‌ನಲ್ಲಿ ಕೇಳಿ. ಬಂದ ಮೇಲ್, ಎರಡೂ ಕಡೆ ಸಹಿಯಾದ ಪತ್ರ, ಅನೆಕ್ಷರ್ ಎಲ್ಲವನ್ನೂ ಸ್ವಂತ ಮೇಲ್‌ನಲ್ಲಿ ಇಟ್ಕೊಳ್ಳಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಇಟ್ರೆ, ಅದು ಬೇಕಾಗೋ ದಿನ ಲಾಗಿನ್ ಬಂದ್ ಆಗಿರತ್ತೆ.